ಹಿಮದ ನಾಡಿನ ಹಗಲುಗನಸು: ಕಾಯಿಲೆಯೇ, ಸೋಮಾರಿತನವೇ, ಹೊರಡುವ ಹೊತ್ತೇ?

ಪ್ರಶ್ನೆ: ನನಗೆ 36 ವರ್ಷ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮದುವೆಯಾಗಿದೆ, ಆರು ವರ್ಷದ ಮಗಳಿದ್ದಾಳೆ. ಕೆಲವು ವರ್ಷಗಳಿಂದ ನಾರ್ವೆಗೋ ಫಿನ್ಲೆಂಡಿಗೋ ಹೋಗಿ ನೆಲೆಸುವ ಕನಸು ಬೆನ್ನು ಹತ್ತಿದೆ. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ನಾರ್ವೆಯ ಟ್ರೊಮ್ಸೊ, ಫಿನ್ಲೆಂಡಿನ ಹೆಲ್ಸಿಂಕಿ, ಐಸ್ಲೆಂಡಿನ ರೇಕ್ಯಾವಿಕ್ ಸೇರಿಸಿಕೊಂಡಿದ್ದೇನೆ. ಇಲ್ಲಿ ಬೆವರು ಒರೆಸಿಕೊಳ್ಳುತ್ತಾ ಅಲ್ಲಿ ಎಷ್ಟು ಡಿಗ್ರಿ ಎಂದು ನೋಡುತ್ತೇನೆ. ಮಲಗುವ ಮುನ್ನ, ಹಿಮ ಬೀಳುವ ಬೀದಿಯಲ್ಲಿ ಯಾರೋ ಸುಮ್ಮನೆ ನಡೆದುಹೋಗುವ ವಿಡಿಯೊ ಬೇಕೇ ಬೇಕು. ಕನಸು ಯಾವಾಗಲೂ ಒಂದೇ: ಮರದ ಮನೆ, ಕಿಟಕಿಯಾಚೆ ಹಿಮ, ಒಳಗೆ ನಾನು, ಕೈಯಲ್ಲೊಂದು ಪುಸ್ತಕ, ಯಾರ ಗದ್ದಲವೂ ಇಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಅರ್ಜಿ ಹಾಕಿಲ್ಲ. ‘ನೀವು ಇಲ್ಲಿ ಬಾಡಿಗೆಗೆ ಇದ್ದ ಹಾಗೆ ಇದ್ದೀರಿ’ ಎನ್ನುತ್ತಾಳೆ ಹೆಂಡತಿ. ಇದು ಮಾನಸಿಕ ಕಾಯಿಲೆಯೇ? ಸೋಮಾರಿತನವೇ? ಅಥವಾ ನಿಜಕ್ಕೂ ಹೊರಟೇಬಿಡಬೇಕೇ?

ಉತ್ತರ: ಕಾಯಿಲೆಯಂತೂ ಅಲ್ಲ. ಮನಸ್ಸು ಇದ್ದಲ್ಲಿ ಇರುವುದೇ ಕಡಿಮೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ವಯಸ್ಕರನ್ನು ಫೋನ್ ಮೂಲಕ ಮುನ್ಸೂಚನೆಯಿಲ್ಲದೆ ದಿನದ ಯಾವುದೋ ಹೊತ್ತಿನಲ್ಲಿ ‘ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ’ ಎಂದು ಕೇಳಲಾಯಿತು. ಸುಮಾರು ಶೇ 47ರಷ್ಟು ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲೇ ಇಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು ನಿಮಗೆ ಅಷ್ಟು ಹಿತವೆನಿಸದು: ಮನಸ್ಸು ಸವಿಯಾದ ವಿಷಯಕ್ಕೆ ಅಲೆದುಹೋದಾಗಲೂ ಜನ ಮಾಡುತ್ತಿದ್ದ ಕೆಲಸದಲ್ಲೇ ಮುಳುಗಿದ್ದಾಗಿನದಕ್ಕಿಂತ ಹೆಚ್ಚು ಸಂತೋಷವಾಗಿರಲಿಲ್ಲ.

ಸೋಮಾರಿತನ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಅರ್ಜಿ ಹಾಕದಿರುವುದಕ್ಕೆ ಕನಸೇ ಕಾರಣವಿರಬಹುದು. ಮನೋವಿಜ್ಞಾನಿ ಗಾಬ್ರಿಯೇಲೆ ಓಟಿಂಗನ್ ಈ ವಿಷಯದ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು. ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದ ಯುವಜನರನ್ನು ಅವರ ತಂಡ ಎರಡು ವರ್ಷದ ಬಳಿಕ ಮತ್ತೆ ಮಾತನಾಡಿಸಿತು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಒಳ್ಳೆಯ ಕೆಲಸ ಸಿಕ್ಕಂತೆ ಹೆಚ್ಚು ಹೆಚ್ಚು ಕಲ್ಪಿಸಿಕೊಂಡು ಖುಷಿಪಟ್ಟವರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಕಡಿಮೆ ಅವಕಾಶಗಳು ಬಂದಿದ್ದವು, ಸಂಬಳವೂ ಕಡಿಮೆ. ‘ನನಗೆ ಕೆಲಸ ಸಿಗುತ್ತದೆ’ ಎಂಬ ನಿರೀಕ್ಷೆ ಇದ್ದವರ ಕಥೆ ಬೇರೆ. ಅವರು ಮುಂದೆ ಹೋಗಿದ್ದರು. ನಿರೀಕ್ಷೆ ನಮ್ಮನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ಕಲ್ಪನೆಯಲ್ಲಿ ಆಗಲೇ ತಲುಪಿಬಿಟ್ಟಿರುತ್ತೇವೆ, ಮತ್ತೆ ಎದ್ದು ಹೊರಡುವ ಅಗತ್ಯವೇ ಮನಸ್ಸಿಗೆ ಕಾಣುವುದಿಲ್ಲ. ಮಲಗುವ ಮುನ್ನ ನೀವು ದಿನವೂ ನಾರ್ವೆಗೆ ಹೋಗಿ ಬರುತ್ತಿದ್ದೀರಿ. ಬೆಳಿಗ್ಗೆ ಅರ್ಜಿ ಬರೆಯುವ ಹಸಿವು ಎಲ್ಲಿಂದ ಬರಬೇಕು?

ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಮರದ ಮನೆಯಲ್ಲಿ ನಿಮ್ಮ ಹೆಂಡತಿ ಇಲ್ಲ. ಮಗಳೂ ಇಲ್ಲ. ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ, ಹಗಲುಗನಸಿನಲ್ಲಿ ಜನಗಣತಿ ಯಾರೂ ಮಾಡುವುದಿಲ್ಲ. ಆದರೂ ನಿಮಗೆ ಬೇಕಾಗಿರುವುದು ಏನು ಎಂಬುದರ ಸುಳಿವು ಅಲ್ಲಿದೆ. ನೀವು ವರ್ಣಿಸಿದ ಸುಖದಲ್ಲಿ ಚಳಿಯ ಪಾಲು ಎಷ್ಟು, ಯಾರೂ ಕರೆಯದ, ಯಾರೂ ಏನೂ ಕೇಳದ ಒಂದು ಗಂಟೆಯ ಪಾಲು ಎಷ್ಟು? ಹಿಮ ತೆಗೆದು ಅಲ್ಲಿ ಮಳೆ ಹಾಕಿ ನೋಡಿ. ಕನಸು ಅಷ್ಟೇ ಹಿತವಾಗಿದ್ದರೆ ನೀವು ಹುಡುಕುತ್ತಿರುವುದು ಬಿಡುವನ್ನು. ಅದನ್ನು ಪಡೆಯಲು ವೀಸಾ ಬೇಡ, ಮನೆಯಲ್ಲಿ ಬಾಯಿಬಿಟ್ಟು ಕೇಳಿದರೆ ಸಾಕು. ನಿಮ್ಮ ಹೆಂಡತಿಗೂ ಅಂಥದ್ದೇ ಒಂದು ಗಂಟೆ ಬೇಕಿರಬಹುದು.

ಇಲ್ಲ, ನನಗೆ ಆ ಊರೇ ಬೇಕು, ಆ ಚಳಿಯೇ ಬೇಕು ಎನ್ನುತ್ತೀರಾದರೆ ಮುಂದಕ್ಕೆ ಹೋಗೋಣ.

1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕರಾದ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನಮನ್ ಅಮೆರಿಕದ ಎರಡು ಪ್ರದೇಶಗಳ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೇಳಿದರು: ಬೆಚ್ಚನೆಯ ಕ್ಯಾಲಿಫೋರ್ನಿಯಾದವರು ಹೆಚ್ಚು ತೃಪ್ತರೋ, ಚಳಿ ಕೊರೆಯುವ ಮಧ್ಯಪಶ್ಚಿಮದವರೋ? ಎರಡೂ ಕಡೆಯವರು ಕ್ಯಾಲಿಫೋರ್ನಿಯಾದವರೇ ಎಂದರು. ಅವರವರ ಬದುಕಿನ ತೃಪ್ತಿಯನ್ನು ಅವರವರನ್ನೇ ಕೇಳಿದಾಗ ವ್ಯತ್ಯಾಸ ಇರಲಿಲ್ಲ. ಹೋಲಿಸುವಾಗ ಹವಾಮಾನವೊಂದೇ ಕಣ್ಣ ಮುಂದೆ ಬೃಹದಾಕಾರವಾಗಿ ನಿಲ್ಲುತ್ತದೆ. ಬದುಕುವಾಗ ಅದು ಕೆಲಸ, ಸಂಬಂಧ, ಸಾಲ, ನಿದ್ದೆಗಳ ಹಿಂದೆ ಸರಿದುಹೋಗುತ್ತದೆ. ಅವರು ಬಿಸಿಲಿನ ಬಗ್ಗೆ ಮಾಡಿದ ತಪ್ಪೆಣಿಕೆಯನ್ನೇ ನೀವು ಹಿಮದ ಬಗ್ಗೆ ಮಾಡುತ್ತಿರಬಹುದು.

ಇನ್ನು, ಉತ್ತರದ ದೇಶಗಳೆಂದರೆ ಎಲ್ಲರೂ ಚಳಿಗೆ ಹೆದರುತ್ತಾರೆ. ಹೆದರಬೇಕಾದ್ದು ಕತ್ತಲೆಗೆ. ನೀವು ದಿನವೂ ನೋಡುವ ಟ್ರೊಮ್ಸೊ ಆರ್ಕ್ಟಿಕ್ ವೃತ್ತಕ್ಕಿಂತ ಮೇಲೆ, ಸುಮಾರು 69.6 ಡಿಗ್ರಿ ಅಕ್ಷಾಂಶದಲ್ಲಿದೆ. ಹಾಗಿದ್ದೂ ಬೆಚ್ಚಗಿನ ಸಮುದ್ರದ ಹರಿವಿನಿಂದಾಗಿ ಅಲ್ಲಿ ಜನವರಿಯ ಸರಾಸರಿ ತಾಪಮಾನ ಸೊನ್ನೆಗಿಂತ ಮೂರ್ನಾಲ್ಕು ಡಿಗ್ರಿ ಮಾತ್ರ ಕೆಳಗೆ. ಅದಕ್ಕಿಂತ 20 ಡಿಗ್ರಿ ಅಕ್ಷಾಂಶದಷ್ಟು ದಕ್ಷಿಣಕ್ಕಿರುವ ಕೆನಡಾದ ವಿನ್ನಿಪೆಗ್‌ನಲ್ಲಿ ಅದು ಮೈನಸ್ 16ರ ಆಸುಪಾಸು. ರೇಕ್ಯಾವಿಕ್‌ನಲ್ಲಿ ಸೊನ್ನೆಯ ಹತ್ತಿರವೇ ಸುಳಿದಾಡುತ್ತದೆ. ಒಳ್ಳೆಯ ಉಣ್ಣೆಯ ಒಳಉಡುಪು, ಗಾಳಿ ತಡೆಯುವ ಮೇಲಂಗಿ, ದಪ್ಪ ಅಟ್ಟೆಯ ಬೂಟು ಇದ್ದರೆ ಚಳಿಯನ್ನು ನಿಭಾಯಿಸಬಹುದು. ಹತ್ತಿ ಬಟ್ಟೆ ಮಾತ್ರ ಒಳಗೆ ಬೇಡ, ಬೆವರು ಹೀರಿಕೊಂಡು ಮೈ ತಣ್ಣಗಾಗಿಸುತ್ತದೆ.

ಕತ್ತಲೆಗೆ ಅಂಥ ಬಟ್ಟೆ ಇಲ್ಲ. ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ದಿಗಂತದ ಮೇಲೆ ಬರುವುದೇ ಇಲ್ಲ. ಮಧ್ಯಾಹ್ನ ಕೆಲವು ಗಂಟೆ ನೀಲಿ ಬೆಳಕು ಮಾತ್ರ. ಹೆಲ್ಸಿಂಕಿಯಲ್ಲಿ ಡಿಸೆಂಬರಿನ ದ್ವಿತೀಯಾರ್ಧದ ಹಗಲು ಆರು ಗಂಟೆಗೂ ಕಡಿಮೆ. ಕಚೇರಿಗೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಅದೂ ಮೋಡವಿಲ್ಲದಿದ್ದರೆ ಕಾಣುವ ಹಗಲು. ವಿಡಿಯೊ ಮಾಡುವವರು ನವೆಂಬರನ್ನು ತೋರಿಸುವುದಿಲ್ಲ. ಹಿಮ ಇನ್ನೂ ನಿಂತಿರುವುದಿಲ್ಲ, ಮಳೆ, ಕರಗಿದ ಕೆಸರು, ರಾತ್ರಿ ಅದೇ ನೀರು ಹೆಪ್ಪುಗಟ್ಟಿ ಜಾರುವ ಕಾಲುದಾರಿ. ಬೂಟಿನ ಅಡಿಗೆ ಮುಳ್ಳುಪಟ್ಟಿ ಕಟ್ಟಿಕೊಂಡು ನಡೆಯುವುದು ಅಲ್ಲಿ ಸಾಮಾನ್ಯ.

ಚಳಿಗಾಲದಲ್ಲಿ ಮಾತ್ರ ಬಂದು ವಸಂತದಲ್ಲಿ ಬಿಟ್ಟುಹೋಗುವ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕಿನ ದೀಪದ ಮುಂದೆ ಕೂರುವುದು ಅದಕ್ಕೆ ರೂಢಿಯಲ್ಲಿರುವ ಚಿಕಿತ್ಸೆಗಳಲ್ಲಿ ಒಂದು. ನಿಮಗೆ ಈ ಹಿಂದೆ ಖಿನ್ನತೆ ಬಂದಿದ್ದರೆ ಹೊರಡುವ ಮೊದಲೇ ಮನೋವೈದ್ಯರ ಹತ್ತಿರ ಮಾತನಾಡಿ. ಬೈಪೋಲಾರ್ ಸಮಸ್ಯೆ (ಉನ್ಮಾದ, ಖಿನ್ನತೆ ಒಂದಾದ ಮೇಲೊಂದು ಬರುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಆ ದೀಪ ಹಚ್ಚಬಾರದು.

ನಿಮ್ಮ ಪರವಾಗಿಯೂ ಸಾಕ್ಷ್ಯವಿದೆ. ಮನೋವಿಜ್ಞಾನಿ ಕಾರಿ ಲೈಬೊವಿಟ್ಜ್ ನಾರ್ವೆಯಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಳಿಗಾಲವನ್ನು ಸಹಿಸಬೇಕಾದ ಕಾಲವೆಂದು ನೋಡದೆ ಅದರಲ್ಲೂ ಸವಿಯಿದೆ ಎಂದು ಭಾವಿಸಿದವರು ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗಿದ್ದರು. ಉತ್ತರಕ್ಕೆ ಹೋದಷ್ಟೂ ಆ ಭಾವನೆ ಹೆಚ್ಚಿತ್ತು. ಕತ್ತಲೆಯನ್ನು ಇಷ್ಟಪಡುವವರೇ ಅಲ್ಲಿ ಉಳಿದಿರಬಹುದು, ಅದು ಬೇರೆ ಮಾತು. ಫಿನ್ಲೆಂಡ್ 2018ರಿಂದ 2025ರವರೆಗೆ ಪ್ರತಿ ವರ್ಷವೂ ವಿಶ್ವ ಸಂತೋಷ ವರದಿಯ ಮೊದಲ ಸ್ಥಾನದಲ್ಲಿದೆ. ಆ ವರದಿ ಅಳೆಯುವುದು ನಗುವನ್ನಲ್ಲ. ಸೊನ್ನೆಯಿಂದ ಹತ್ತು ಮೆಟ್ಟಿಲಿನ ಏಣಿಯಲ್ಲಿ ನಿಮ್ಮ ಬದುಕು ಎಲ್ಲಿದೆ ಎಂಬ ಒಂದು ಪ್ರಶ್ನೆಗೆ ಜನ ಕೊಡುವ ಉತ್ತರವನ್ನು. ವಲಸಿಗರ ಉತ್ತರವೂ ಹೆಚ್ಚುಕಡಿಮೆ ಸ್ಥಳೀಯರ ಉತ್ತರದ ಹತ್ತಿರಕ್ಕೇ ಬರುತ್ತದೆ ಎಂದು 2018ರ ವರದಿ ಹೇಳಿತ್ತು. ಹಾಗಾಗಿ ನಿಮ್ಮ ಕನಸನ್ನು ಹುಚ್ಚು ಎಂದು ಯಾರಾದರೂ ನಕ್ಕರೆ ನಾನು ಅವರ ಜೊತೆ ಸೇರುವುದಿಲ್ಲ.

ನನ್ನ ಅನುಮಾನ ಇರುವುದು ಆ ಮೌನದ ಮೇಲೆ. ಹೊರದೇಶಗಳಲ್ಲಿ ನೆಲೆಸಿದವರ ಸಮೀಕ್ಷೆಗಳಲ್ಲಿ, ಸ್ಥಳೀಯರ ಗೆಳೆತನ ಸಿಗುವುದು ಕಷ್ಟವಾದ ದೇಶಗಳ ಸಾಲಿನಲ್ಲಿ ನಾರ್ವೆ, ಫಿನ್ಲೆಂಡ್ ಮುಂತಾದ ನಾರ್ಡಿಕ್ ದೇಶಗಳು ವರ್ಷವರ್ಷವೂ ಕಾಣಿಸಿಕೊಳ್ಳುತ್ತವೆ. ವಿಡಿಯೊದಲ್ಲಿ ಹಿತವಾಗಿ ಕೇಳುವ ನಿಶ್ಶಬ್ದವೇ ಎರಡನೇ ಚಳಿಗಾಲದಲ್ಲಿ ‘ನಮ್ಮನ್ನು ಯಾರೂ ಮನೆಗೆ ಕರೆಯುವುದಿಲ್ಲ’ ಎಂಬ ಕೊರಗಾಗಬಹುದು. ನಿಮಗಲ್ಲದಿದ್ದರೆ ನಿಮ್ಮ ಹೆಂಡತಿಗೆ. ಭಾಷೆ ಬಾರದೆ ಈ ಗೋಡೆ ಕರಗದು. ಇಂಗ್ಲಿಷ್ ಮಾತೃಭಾಷೆಯಾದ ತನ್ನ ರಾಜತಾಂತ್ರಿಕರಿಗೆ ಅಮೆರಿಕ ಸರ್ಕಾರದ ತರಬೇತಿ ಸಂಸ್ಥೆ ನಾರ್ವೇಜಿಯನ್ ಕಲಿಸಲು ಸುಮಾರು 24 ವಾರ ಇಟ್ಟುಕೊಂಡರೆ ಫಿನ್ನಿಷ್‌ಗೆ 44 ವಾರ ಇಡುತ್ತದೆ. ಅದೂ ಬೇರೆ ಕೆಲಸವಿಲ್ಲದೆ ಕಲಿಯುವವರಿಗೆ. ಫಿನ್ಲೆಂಡ್ ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು 2024ರ ಅಕ್ಟೋಬರ್ 1ರಿಂದ ಐದು ವರ್ಷದಿಂದ ಎಂಟಕ್ಕೆ ಏರಿಸಿದೆ; ಫಿನ್ನಿಷ್ ಅಥವಾ ಸ್ವೀಡಿಷ್ ಬರುತ್ತದೆಂದು ತೋರಿಸಬೇಕಾದ ನಿಯಮ ಮೊದಲಿನಿಂದಲೂ ಇದೆ.

ಈಗ ನಿಮಗೊಂದು ಮನೆಗೆಲಸ. ಓಟಿಂಗನ್ ಅವರ ವಿಧಾನವೇ ಇದು: ಬಯಕೆಯ ಪಕ್ಕದಲ್ಲೇ ಅಡ್ಡಿಯನ್ನೂ ಕಲ್ಪಿಸಿಕೊಳ್ಳುವುದು. ಇಂದು ರಾತ್ರಿ ವಿಡಿಯೊ ಬದಲು ನವೆಂಬರಿನ ಒಂದು ಮಂಗಳವಾರವನ್ನು ಕನಸಿಗೆ ತನ್ನಿ. ಬೆಳಿಗ್ಗೆ ಆರೂವರೆ, ಹೊರಗೆ ಕಗ್ಗತ್ತಲೆ, ಮಳೆ. ಮಗಳಿಗೆ ಒಂದರ ಮೇಲೊಂದು ಬಟ್ಟೆ ಹಾಕಿ, ಕಳೆದುಹೋದ ಒಂದು ಕೈಗವಸು ಹುಡುಕಿ, ಶಾಲೆಗೆ ಬಿಟ್ಟು, ಅರ್ಧ ಅರ್ಥವಾಗುವ ಭಾಷೆಯಲ್ಲಿ ಮೀಟಿಂಗ್ ಮುಗಿಸಿ, ಸಂಜೆ ಭಾಷಾ ತರಗತಿಗೆ ಹೋಗಬೇಕು. ಹೆಂಡತಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಈ ಮಂಗಳವಾರವನ್ನು ನಾಲ್ಕಾರು ರಾತ್ರಿ ಕಂಡ ಮೇಲೂ ಹೋಗಬೇಕು ಅನ್ನಿಸಿದರೆ ಆ ಬಯಕೆಗೆ ಬಲವಿದೆ. ಅನ್ನಿಸದಿದ್ದರೆ ಮರದ ಮನೆಯನ್ನು ರಾತ್ರಿಯ ಸುಖವಾಗಿ ಹಾಗೇ ಇಟ್ಟುಕೊಳ್ಳಿ, ಅದರಲ್ಲಿ ಸೋಲೇನೂ ಇಲ್ಲ.

ಬಲವಿದೆ ಎಂದಾದರೆ ತಡಮಾಡಬೇಡಿ. ಹಣ ಹೊಂದಿದರೆ ಒಮ್ಮೆ ಇಡೀ ಕುಟುಂಬ ಹೋಗಿ ನೋಡಿಬನ್ನಿ, ಅದೂ ನವೆಂಬರಿನಲ್ಲಿ. ನಾರ್ವೆಯಲ್ಲಿ ನುರಿತ ಕೆಲಸಗಾರರ ಪರವಾನಗಿಗೆ ಅಲ್ಲಿನ ಉದ್ಯೋಗದಾತರಿಂದ ಕೆಲಸದ ಕರೆ ಕೈಯಲ್ಲಿರಬೇಕು, ಆದ್ದರಿಂದ ಮೊದಲ ಹೆಜ್ಜೆ ಕೆಲಸಕ್ಕೆ ಅರ್ಜಿ. ಲೆಕ್ಕಪತ್ರದ ಕೆಲಸ ಆಯಾ ದೇಶದ ಕಾನೂನಿಗೆ ಅಂಟಿಕೊಂಡಿರುತ್ತದೆ. ನಿಮ್ಮ ಅರ್ಹತೆಗೆ ಅಲ್ಲಿ ಎಷ್ಟು ಬೆಲೆ ಎಂದು ಮೊದಲೇ ವಿಚಾರಿಸಿ. ಕೆನಡಾ ಕೂಡ ಮನಸ್ಸಿನಲ್ಲಿದ್ದರೆ, ಅಲ್ಲಿ ಅಂಕಗಳ ಮೇಲೆ ವಲಸಿಗರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ವಯಸ್ಸಿನ ಅಂಕ 20ರಿಂದ 29ರವರೆಗೆ ಗರಿಷ್ಠ, ಆಮೇಲೆ ಇಳಿಯುತ್ತಾ 45ಕ್ಕೆ ಸೊನ್ನೆ. ನಿಮ್ಮ ವಯಸ್ಸಿನಲ್ಲಿ ಸುಮ್ಮನೆ ಕಳೆಯುವ ಒಂದೊಂದು ವರ್ಷವೂ ಅಂಕ ತಿನ್ನುತ್ತದೆ.

ಪ್ರಶ್ನೆ: ನಾನು 23ರ ವಿದ್ಯಾರ್ಥಿ. ನಾರ್ವೆಗೆ ಸೇರಿದ, ಅದರ ಉತ್ತರಕ್ಕಿರುವ ದ್ವೀಪಸಮೂಹ ಸ್ವಾಲ್ಬಾರ್ಡ್‌ನಲ್ಲಿ ಯಾವ ದೇಶದವರಾದರೂ ವೀಸಾ ಇಲ್ಲದೆ ಹೋಗಿ ನೆಲೆಸಬಹುದಂತೆ. ನಿಜವೇ?

ಉತ್ತರ: ನಿಜ, ಆದರೆ ಷರತ್ತುಗಳಿವೆ. 1920ರಲ್ಲಿ ಸಹಿಯಾಗಿ 1925ರಲ್ಲಿ ಜಾರಿಗೆ ಬಂದ ಒಪ್ಪಂದದ ಫಲವಾಗಿ ಆ ದ್ವೀಪಸಮೂಹದಲ್ಲಿ ಇರಲು ವೀಸಾ, ವಾಸದ ಪರವಾನಗಿ ಬೇಕಿಲ್ಲ. ವಿಮಾನ ಮಾತ್ರ ನಾರ್ವೆಯ ಮುಖ್ಯ ಭೂಭಾಗದ ಮೂಲಕವೇ. ನಿಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ (ನಾರ್ವೆ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ) ಬೇಕಿದ್ದರೆ ಅದನ್ನು ತೆಗೆದುಕೊಳ್ಳಬೇಕು, ಅದರಲ್ಲೂ ಎರಡು ಸಲ ಒಳಬರಲು ಬಿಡುವಂಥದ್ದು. ಇಲ್ಲವಾದರೆ ವಾಪಸಾಗುವಾಗ ಸಿಕ್ಕಿಬೀಳುತ್ತೀರಿ. ಅಲ್ಲಿ ನಿಮ್ಮ ಖರ್ಚು ನೀವೇ ನೋಡಿಕೊಳ್ಳಬೇಕು. ಅದಕ್ಕೆ ದಾರಿ ಇಲ್ಲದವರನ್ನು ವಾಪಸ್ ಕಳಿಸುವ ಅಧಿಕಾರ ಗವರ್ನರ್‌ಗಿದೆ. ಮನೆಗಳ ಕೊರತೆ ಇದೆ, ಇರುವ ಬಹುಪಾಲು ಮನೆಗಳು ಉದ್ಯೋಗದ ಜೊತೆಗೇ ಬರುತ್ತವೆ. ಅಲ್ಲಿ ಕಳೆದ ವರ್ಷಗಳು ನಾರ್ವೆಯ ಕಾಯಂ ವಾಸಕ್ಕೆ ಲೆಕ್ಕವಾಗುವುದಿಲ್ಲ. ಮುಖ್ಯ ಪಟ್ಟಣ ಲಾಂಗ್‌ಇಯರ್‌ಬೀನ್ 78 ಡಿಗ್ರಿ ಅಕ್ಷಾಂಶದಲ್ಲಿದ್ದು, ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಪಟ್ಟಣಕ್ಕೆ ಮರಳುವುದು ಮಾರ್ಚ್ 8ರ ಸುಮಾರಿಗೆ. ಊರ ಗಡಿ ದಾಟಿದರೆ ಹಿಮಕರಡಿಯಿಂದ ರಕ್ಷಣೆಯ ವ್ಯವಸ್ಥೆ ಇರಲೇಬೇಕು. ಓದು ಮುಗಿಸಿ, ಒಂದು ಋತುವಿನ ಕೆಲಸ ಗಿಟ್ಟಿಸಿಕೊಂಡು ಹೋಗುವುದಾದರೆ ಒಳ್ಳೆಯ ಸಾಹಸ. ಬರಿಗೈಯಲ್ಲಿ ಬೇಡ.

ಪ್ರಶ್ನೆ: ನನ್ನ ತಮ್ಮನಿಗೆ 19 ವರ್ಷ. ತಾನು ಕೆನಡಾದ ಯಾವುದೋ ಸಣ್ಣ ಊರಿನಲ್ಲಿ ಇರುವಂತೆ ಗಂಟೆಗಟ್ಟಲೆ ಕಲ್ಪಿಸಿಕೊಳ್ಳುತ್ತಾನೆ. ಹಾಡು ಕೇಳುತ್ತಾ ಕೋಣೆಯಲ್ಲಿ ಹಿಂದೆಮುಂದೆ ನಡೆಯುತ್ತಾನೆ, ತುಟಿ ಅಲ್ಲಾಡುತ್ತಿರುತ್ತದೆ. ಊಟ, ಕಾಲೇಜು ಎಲ್ಲಾ ತಪ್ಪುತ್ತಿದೆ. ‘ನಿಲ್ಲಿಸಬೇಕು ಅಂತ ಇದೆ ಅಕ್ಕಾ, ಆಗ್ತಿಲ್ಲ’ ಎನ್ನುತ್ತಾನೆ.

ಉತ್ತರ: ಮೇಲಿನ ಎರಡು ಪತ್ರಗಳ ಜೊತೆ ಇದನ್ನು ಸೇರಿಸಬೇಡಿ. ಬದುಕಿನ ಕೆಲಸಗಳು ತಪ್ಪುವಷ್ಟು, ಬೇಡವೆಂದರೂ ನಿಲ್ಲದಷ್ಟು ಬೆಳೆದ ಹಗಲುಗನಸನ್ನು ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಎಲಿ ಸೋಮರ್ 2002ರಲ್ಲಿ ಪ್ರತ್ಯೇಕ ಸ್ಥಿತಿಯಾಗಿ ಗುರುತಿಸಿದರು. ಹಾಡು ಮತ್ತು ಒಂದೇ ಸಮನೆ ನಡೆದಾಡುವುದು ಅದರ ಜೊತೆ ಮತ್ತೆಮತ್ತೆ ಕಾಣಿಸುತ್ತವೆ. ಮನೋವೈದ್ಯಕೀಯದ ಅಧಿಕೃತ ಪಟ್ಟಿಗಳಲ್ಲಿ ಇದು ಇನ್ನೂ ಸೇರಿಲ್ಲ, ಆದರೂ ನೆರವು ಸಿಗುತ್ತದೆ. ಗಮನದ ಕೊರತೆ, ಆತಂಕ, ಖಿನ್ನತೆ, ಗೀಳು ಇವುಗಳಲ್ಲಿ ಯಾವುದಾದರೂ ಒಳಗಿರಬಹುದು. ಅದನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರೇ ಪರೀಕ್ಷಿಸಿ ಹೇಳಬೇಕು. ತಮ್ಮನನ್ನು ಅಣಕಿಸಬೇಡಿ, ಫೋನ್ ಕಸಿದುಕೊಳ್ಳಬೇಡಿ. ಅವನೇ ನಿಮ್ಮ ಬಳಿ ಬಾಯಿಬಿಟ್ಟು ಹೇಳಿಕೊಂಡಿದ್ದಾನೆ, ಅರ್ಧ ದಾರಿ ಬಂದಂತೆಯೇ. ಮೊದಲ ಭೇಟಿಗೆ ಮುನ್ನ ಒಂದು ವಾರ ಅವನೇ ಬರೆದಿಡಲಿ: ಕನಸು ದಿನದ ಯಾವ ಹೊತ್ತಿಗೆ ಶುರುವಾಯಿತು, ಆಗ ಹಾಡು ಇತ್ತೇ, ಅದಕ್ಕೆ ಮುಂಚೆ ಏನಾಗಿತ್ತು, ಎಷ್ಟು ಹೊತ್ತು ನಡೆಯಿತು, ರಾತ್ರಿ ಎಷ್ಟು ಗಂಟೆ ನಿದ್ದೆ. ಆ ಹಾಳೆಯನ್ನು ಜೊತೆಯಲ್ಲಿ ಕೊಂಡೊಯ್ಯಿರಿ.