ನೆಪವೋ ದುಡಿಮೆಯೋ?

ಸಂಶೋಧನಾ ಪ್ರಬಂಧ ಬರೆಯುವ ನಡುವೆ ಅಡುಗೆಗೂ ಕುಂಡದ ಗಿಡಗಳಿಗೂ ದಿನಕ್ಕೆ ಎರಡು ಗಂಟೆ ಹೋಗುತ್ತಿದೆ, ಇದು ಓದಿನಿಂದ ತಪ್ಪಿಸಿಕೊಳ್ಳುವ ನೆಪವೇ ಎಂದು ಕೇಳಿದ್ದೀರಿ. ಒಮ್ಮೊಮ್ಮೆ ಹೌದು. ಕಷ್ಟದ ಅಧ್ಯಾಯ ಎದುರಾದಾಗಲೆಲ್ಲ ಕಳೆ ಕೀಳಲು ಓಡಿದವನು ನಾನು. ಕಳೆಯೇ ಇಲ್ಲದ ಕುಂಡದಲ್ಲಿ ಕಳೆ ಹುಡುಕಿದ್ದೂ ಉಂಟು.

ಆದರೆ ಗಂಟೆಗಳನ್ನು ಎಣಿಸಿದರೆ ಇದು ತಿಳಿಯುವುದಿಲ್ಲ. ಯಾವ ಹೊತ್ತಿನಲ್ಲಿ ಎದ್ದು ಹೋಗುತ್ತೀರಿ ಎಂಬುದನ್ನು ಗಮನಿಸಿ. ಬರೆಯಲು ಕುಳಿತ ಹತ್ತೇ ನಿಮಿಷಕ್ಕೆ ಗಿಡಗಳ ನೆನಪಾದರೆ ಅದು ನೆಪ. ಎರಡು ಗಂಟೆ ತಿಣುಕಿ, ಒಂದೇ ಸಾಲನ್ನು ನಾಲ್ಕು ಬಾರಿ ಹೊಡೆದುಹಾಕಿದ ಮೇಲೆ ಎದ್ದರೆ ಅದೂ ದುಡಿಮೆಯ ಭಾಗವೇ. ತರಕಾರಿ ಹೆಚ್ಚುವಾಗ ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ, ತಲೆ ಸದ್ದಿಲ್ಲದೆ ಹಳೆಯ ಗಂಟನ್ನು ಬಿಡಿಸುತ್ತಿರುತ್ತದೆ. ಒಂದು ಚೀಟಿ, ಪೆನ್ಸಿಲು ಅಡುಗೆಮನೆಯಲ್ಲಿ ಇಟ್ಟುಕೊಳ್ಳಿ. ಮೊಬೈಲ್ ಬೇಡ, ಅದು ಬಂದರೆ ಬರವಣಿಗೆಯೂ ಕೆಡುತ್ತದೆ, ಒಗ್ಗರಣೆಯೂ ಸೀಯುತ್ತದೆ.

ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ 1920ರ ಬೇಸಿಗೆಯಲ್ಲಿ ವಿಯೆನ್ನಾ ಬಳಿಯ ಮಠವೊಂದರಲ್ಲಿ ತೋಟದ ಮಾಲಿಯಾಗಿ ದುಡಿದಿದ್ದರು. ತಳಿವಿಜ್ಞಾನಕ್ಕೆ ಅಡಿಪಾಯ ಹಾಕಿದ ಮೆಂಡೆಲ್ ಅವರಿಗಂತೂ ಬಟಾಣಿ ಗಿಡಗಳ ತೋಟವೇ ಪ್ರಯೋಗಾಲಯ. ಅಷ್ಟು ದೊಡ್ಡ ಸಮರ್ಥನೆ ನಮಗೆ ಬೇಕಿಲ್ಲ ಬಿಡಿ, ಗಿಡ ಚಿಗುರಿದರೆ ಖುಷಿಯಾಗುತ್ತದೆ ಎಂಬುದೇ ಸಾಕು.

ಒಂದು ಎಚ್ಚರಿಕೆ ಮಾತ್ರ: ಗಡುವು ಹತ್ತಿರವಿರುವಾಗ ಹೊಸದಾಗಿ ಹದಿನೈದು ಕುಂಡ ಹೂಡಬೇಡಿ. ಮೂಲಂಗಿಯಂಥದ್ದನ್ನು ಬಿತ್ತಿ, ನಾಲ್ಕೈದು ವಾರಗಳಲ್ಲಿ ಕೈಗೆ ಬರುತ್ತದೆ. ಟೊಮೆಟೊ ತಿಂಗಳುಗಟ್ಟಲೆ ಆರೈಕೆ ಕೇಳುತ್ತದೆ; ಊರುಗೋಲು ಕೊಡಬೇಕು, ನೀರು ತಪ್ಪಿಸುವಂತಿಲ್ಲ. ದಿನವೂ ವಿಚಾರಿಸಿಕೊಳ್ಳಬೇಕಾದ ಮಾರ್ಗದರ್ಶಕರು ನಿಮಗೆ ಈಗಾಗಲೇ ಒಬ್ಬರಿದ್ದಾರಲ್ಲ!