ಕ್ಯಾಮೆರಾ ಹಡಗಿನಲ್ಲೋ, ದಡದಲ್ಲೋ?

ಪ್ರಶ್ನೆ: ನಮ್ಮ ಕಾಲೇಜಿನ ಚಿತ್ರಸಮಾಜದಲ್ಲಿ ಈ ವರ್ಷ ಮೂಲನಿವಾಸಿ ನಿರ್ದೇಶಕರ ಕಥಾಚಿತ್ರಗಳನ್ನೇ ತೋರಿಸೋಣ ಅಂದೆ. ಹಿರಿಯ ಸಹೋದ್ಯೋಗಿಯೊಬ್ಬರು, ‘ಸಿನಿಮಾ ಚೆನ್ನಾಗಿದ್ದರೆ ಸಾಕಲ್ಲವೇನಮ್ಮ, ತೆಗೆದವರ ಕುಲ ಕಟ್ಟಿಕೊಂಡು ಏನಾಗಬೇಕು?’ ಎಂದರು. ಆಗ ಉತ್ತರ ಹೊಳೆಯಲಿಲ್ಲ. ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ?
— ಉಪನ್ಯಾಸಕಿ, ಶಿವಮೊಗ್ಗ

ಉತ್ತರ: ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಕುಲ ನೋಡಿ ಮಣೆ ಹಾಕಿದ ಮಾತ್ರಕ್ಕೆ ಸಪ್ಪೆ ಸಿನಿಮಾಕ್ಕೆ ರುಚಿ ಬರುವುದಿಲ್ಲ. ಉಳಿದರ್ಧಕ್ಕೆ ವಾದ ಬೇಡ. ಒಂದೇ ಜನರ ಬಗ್ಗೆ ಸುಮಾರು ಎಂಬತ್ತು ವರ್ಷದ ಅಂತರದಲ್ಲಿ ಬಂದ ಎರಡು ಚಿತ್ರ ಸಾಕು.

ಮೊದಲನೆಯದು ರಾಬರ್ಟ್ ಫ್ಲಾಹರ್ಟಿ 1922ರಲ್ಲಿ ತೆರೆಗೆ ತಂದ ‘ನಾನೂಕ್ ಆಫ್ ದಿ ನಾರ್ತ್’. ಕೆನಡಾದ ಉತ್ತರದ ಹಿಮದಲ್ಲಿ ಬದುಕುವ ಇನುಯಿಟ್ ಜನ ಅದರ ವಸ್ತು. ಅದರಲ್ಲೊಂದು ದೃಶ್ಯ: ತುಪ್ಪಳ ಕೊಳ್ಳುವ ವ್ಯಾಪಾರಿ ಗ್ರಾಮಫೋನ್ ಹಾಡಿಸುತ್ತಾನೆ. ನಾನೂಕ್ ಬೆರಗಾಗಿ ನಗುತ್ತಾನೆ, ತಟ್ಟೆಯನ್ನು ಎತ್ತಿ ಹಲ್ಲಿನಿಂದ ಕಚ್ಚಿ ನೋಡುತ್ತಾನೆ. ಆ ಮನುಷ್ಯನ ನಿಜ ಹೆಸರು ಅಲ್ಲಕರಿಯಲ್ಲಕ್. ಗ್ರಾಮಫೋನ್ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿಗೆ ಬೇಟೆಗೆ ಬಂದೂಕು ಬಳಕೆಗೆ ಬಂದಿತ್ತು. ಕ್ಯಾಮೆರಾ ಮುಂದೆ ಮಾತ್ರ ಈಟಿ ಹಿಡಿಸಿದರು. ಇಗ್ಲೂ ಒಳಗೆ ಬೆಳಕು ಸಾಲದೆಂದು ಅರ್ಧ ಗೋಡೆಯನ್ನೇ ತೆಗೆದು, ‘ಸಂಸಾರ’ವು ಬಯಲ ಚಳಿಯಲ್ಲಿ ಮಲಗಿ ಏಳುವುದನ್ನು ಚಿತ್ರಿಸಿದರು. ಫ್ಲಾಹರ್ಟಿ ದುಷ್ಟರೇನಲ್ಲ. ಅಲ್ಲಿಯವರ ನೆರವಿಲ್ಲದೆ ಆ ಚಿತ್ರ ಆಗುತ್ತಲೂ ಇರಲಿಲ್ಲ. ಆದರೆ ಯಾರು ಯಾವುದಕ್ಕೆ ಬೆರಗಾಗಬೇಕು ಎಂದು ತೀರ್ಮಾನಿಸಿದವರು ಅವರೇ.

ಎರಡನೆಯದು ಇಗ್ಲೂಲಿಕ್ ಎಂಬ ಇನುಯಿಟ್ ಊರಿನದು. 1970ರ ದಶಕದಲ್ಲಿ ಅಲ್ಲಿಗೆ ಟಿವಿ ತರುವ ಮಾತು ಬಂದಾಗ ಊರವರು ಎರಡು ಸಲ ಮತ ಹಾಕಿ ಬೇಡವೆಂದರು. ತಮ್ಮ ಭಾಷೆಯೇ ಇಲ್ಲದ ಪೆಟ್ಟಿಗೆ ಮನೆಯಲ್ಲಿಟ್ಟುಕೊಂಡು ಏನು ಮಾಡುವುದು? ಆ ಊರಿನ ಜಕಾರಿಯಸ್ ಕುನುಕ್ ಕಲ್ಲು ಕೆತ್ತಿ ಶಿಲ್ಪ ಮಾಡುತ್ತಿದ್ದವರು. 1981ರಲ್ಲಿ ಮಾಂಟ್ರಿಯಲ್‌ಗೆ ಹೋಗಿ ಶಿಲ್ಪ ಮಾರಿ, ಬಂದ ದುಡ್ಡಿನಲ್ಲಿ ವಿಡಿಯೊ ಕ್ಯಾಮೆರಾ ಕೊಂಡರು. ಇಪ್ಪತ್ತು ವರ್ಷ ಕಳೆದು ಬಂದದ್ದು ‘ಅಟನಾರ್ಜುವಾಟ್’, ಪೂರ್ತಿ ಇನುಯಿಟ್ ಜನರ ಇನುಕ್ಟಿಟುಟ್ ಭಾಷೆಯ ಕಥಾಚಿತ್ರ. 2001ರ ಕಾನ್ ಉತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ಪ್ರಶಸ್ತಿ ಅದಕ್ಕೇ ಬಂತು. ಊರಿನ ಹಿರಿಯರಿಂದ ಹಳೆಯ ಕಥೆಯ ಬೇರೆ ಬೇರೆ ಪಾಠಗಳನ್ನು ಕೇಳಿ ಚಿತ್ರಕಥೆ ಕಟ್ಟಿದ ಪಾಲ್ ಅಪಾಕ್ ಮಾತ್ರ ಚಿತ್ರ ಮುಗಿಯುವ ಮೊದಲೇ, 1998ರಲ್ಲಿ, ತೀರಿಕೊಂಡಿದ್ದರು.

ಅದರ ನಡುವಿನ ಓಟವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅಣ್ಣ ತಮ್ಮ ಮಲಗಿದ್ದಾಗ ವೈರಿಗಳು ಗುಡಾರ ಕೆಡವಿ ಈಟಿಯಿಂದ ತಿವಿಯುತ್ತಾರೆ. ಅಣ್ಣ ಸಾಯುತ್ತಾನೆ. ತಮ್ಮ ಬರಿಮೈಯಲ್ಲಿ ಎದ್ದು ಹೆಪ್ಪುಗಟ್ಟಿದ ಕಡಲ ಮೇಲೆ ಓಡುತ್ತಾನೆ. ವಸಂತದ ಮಂಜು, ಅಲ್ಲಲ್ಲಿ ಕರಗಿ ನೀರು ನಿಂತಿದೆ. ಅಂಗಾಲು ಕಿತ್ತು ಹೆಜ್ಜೆಹೆಜ್ಜೆಗೂ ರಕ್ತ. ಹೊರಗಿನವರಿಗೆ ಮಂಜು ಎಂದರೆ ಬರೀ ಬಿಳಿ ಬಯಲು. ಇಲ್ಲಿ ಎಲ್ಲಿ ಕಾಲಿಟ್ಟರೆ ಉಳಿಯುತ್ತಾನೆ, ಎಲ್ಲಿ ಇಟ್ಟರೆ ಹೋಗುತ್ತಾನೆ ಎಂಬುದು ನೋಡುವವರ ಅಂಗಾಲಿಗೇ ತಿಳಿಯುತ್ತದೆ.

ಇನ್ನೊಂದು ಸಂಗತಿ. ಹಳೆಯ ಕಥೆ ಸೇಡಿನ ಕೊಲೆಯಲ್ಲಿ ಮುಗಿಯುತ್ತದೆ. ಚಿತ್ರದಲ್ಲಿ ಕೊಲೆ ಇಲ್ಲ. ತಪ್ಪಿತಸ್ಥರನ್ನು ಊರಿನಿಂದ ಆಚೆ ಕಳಿಸುತ್ತಾರೆ. ಹೊರಗಿನ ನಿರ್ದೇಶಕರು ಹೀಗೆ ತಿದ್ದಿದ್ದರೆ ಜಾನಪದ ಕೆಡಿಸಿದರು ಎಂಬ ಮಾತು ಬರುತ್ತಿತ್ತು. ಮನೆಯವರಾದ್ದರಿಂದ ಕಥೆಯನ್ನು ಬೆಳೆಸುವ ಸಲುಗೆ ಅವರಿಗಿತ್ತು. ನನ್ನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇದೇ.

ಅಂದಹಾಗೆ, ಇದಕ್ಕೆ ಕ್ಯಾಮೆರಾ ಹಿಡಿದವರು ನ್ಯೂಯಾರ್ಕ್ ಮೂಲದ ನಾರ್ಮನ್ ಕೋನ್. ನಾನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ಸಹೋದ್ಯೋಗಿ ಹೇಳುತ್ತಾರೆ. 1987ರಲ್ಲಿ ‘ನಾಟಿ’ ಎಂಬ ಕಥಾಚಿತ್ರ ಮಾಡಿದ ನ್ಯೂಜಿಲೆಂಡಿನ ಮಾವೋರಿ ನಿರ್ದೇಶಕ ಬ್ಯಾರಿ ಬಾರ್ಕ್ಲೆ 2002ರ ಉಪನ್ಯಾಸವೊಂದರಲ್ಲಿ ಹಡಗು ಮತ್ತು ದಡದ ಹೋಲಿಕೆ ಕೊಟ್ಟರು. ಸಿನಿಮಾದ ಕ್ಯಾಮೆರಾ ಯಾವತ್ತೂ ಬಂದಿಳಿಯುವವರ ಹಡಗಿನ ಅಟ್ಟದ ಮೇಲಿರುತ್ತದೆ, ದಡದವರು ದೂರದಲ್ಲಿ ಕಾಣುತ್ತಾರೆ; ಅದೇ ಕ್ಯಾಮೆರಾ ದಡದವರ ಕೈಯಲ್ಲಿದ್ದರೆ ಹಡಗು ಹೇಗೆ ಕಂಡೀತು? ಅಂಥ ಸಿನಿಮಾವನ್ನು ಅವರು, ಹಾಲಿವುಡ್, ಕಲಾತ್ಮಕ, ಮೂರನೇ ಜಗತ್ತಿನ ಸಿನಿಮಾಗಳ ಆಚೆಯದು ಎಂಬ ಅರ್ಥದಲ್ಲಿ, ನಾಲ್ಕನೇ ಸಿನಿಮಾ ಎಂದು ಕರೆದರು. ಗುಂಡಿ ಒತ್ತಿದವರು ಯಾರು ಎನ್ನುವುದಕ್ಕಿಂತ ನಿಂತ ಜಾಗ ಯಾವುದು ಎಂಬುದೇ ಅಲ್ಲಿ ಮುಖ್ಯ.

ಪ್ರಶ್ನೆ: ಆಸ್ಟ್ರೇಲಿಯಾದ ‘ಟೆನ್ ಕನೂಸ್’ ನೋಡಿದೆ, ಇಷ್ಟವಾಯಿತು. ನಿರ್ದೇಶಕರು ಬಿಳಿಯರು ಎಂದು ಆಮೇಲೆ ತಿಳಿಯಿತು. ಅದನ್ನು ಯಾವ ಲೆಕ್ಕಕ್ಕೆ ಸೇರಿಸುವುದು?
— ಓದುಗರು, ಮೈಸೂರು

ಉತ್ತರ: ನಿರ್ದೇಶಕರು ಇಬ್ಬರು: ರಾಲ್ಫ್ ಡಿ ಹೀರ್ ಮತ್ತು ಆ ನೆಲದವರೇ ಆದ ಪೀಟರ್ ಜಿಗಿರ್. 2006ರ ಈ ಚಿತ್ರದ ಬೀಜ ಒಂದು ಫೋಟೊ. 1930ರ ದಶಕದಲ್ಲಿ ಮಾನವಶಾಸ್ತ್ರಜ್ಞ ಡೊನಾಲ್ಡ್ ಥಾಮ್ಸನ್ ಉತ್ತರ ಆಸ್ಟ್ರೇಲಿಯಾದ ಅರಾಫುರಾ ಜೌಗಿನಲ್ಲಿ ತೆಗೆದ, ದೋಣಿಗಳ ಮೇಲೆ ಸಾಲಾಗಿ ನಿಂತ ಗಂಡಸರ ಚಿತ್ರ. ನಟ ಡೇವಿಡ್ ಗಲ್ಪಿಲಿಲ್ ಅದನ್ನು ಡಿ ಹೀರ್‌ಗೆ ತೋರಿಸಿದರು. ಊರವರು ಥಾಮ್ಸನ್ನರ ಫೋಟೊಗಳಲ್ಲಿ ತಮ್ಮ ತಮ್ಮ ಅಜ್ಜಂದಿರನ್ನು ಗುರುತಿಸಿ, ಆ ಪಾತ್ರ ನನ್ನದು ಎಂದು ಮುಂದೆ ಬಂದರು. ಗಂಡ ಹೆಂಡಿರ ಪಾತ್ರಕ್ಕೂ ವರಸೆ ಕೂಡಬೇಕು, ಕೂಡದವರು ನಟಿಸುವಂತಿಲ್ಲ. ಸೋದರಮಾವ, ಸೋದರತ್ತೆಯ ಮಕ್ಕಳ ಲೆಕ್ಕ ಹಾಕಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೆ ನೋಡಿದರೆ ಹಡಗಿನವರನ್ನು ದಡಕ್ಕೆ ಕರೆದು, ಚಪ್ಪಲಿ ಬಿಡಿಸಿ ಕೂರಿಸಿದ ಚಿತ್ರ ಇದು. ಸೇರಿಸಿಕೊಳ್ಳಿ.

ಪ್ರಶ್ನೆ: ಹಳ್ಳಿಯಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸುತ್ತೇವೆ. ನಿಧಾನದ ಚಿತ್ರ, ಮೇಲೆ ಸಬ್‌ಟೈಟಲ್ ಬೇರೆ, ಅರ್ಧಕ್ಕೇ ಜನ ಎದ್ದು ಹೋಗುತ್ತಾರೆ. ಇಂಥವನ್ನು ಯಾವ ಕ್ರಮದಲ್ಲಿ ತೋರಿಸಲಿ? ನಮ್ಮ ಕಡೆಯದೂ ಒಂದಿರಲಿ.
— ಓದುಗರು, ಕಲಘಟಗಿ

ಉತ್ತರ: ನಗಿಸುವುದರಿಂದ ಶುರು ಮಾಡಿ. ಕ್ರಿಸ್ ಐರ್ ನಿರ್ದೇಶನದ ‘ಸ್ಮೋಕ್ ಸಿಗ್ನಲ್ಸ್’ (1998) ಒಂದೂವರೆ ಗಂಟೆಯದು. ಬರೆದವರು, ನಿರ್ದೇಶಿಸಿದವರು ಇಬ್ಬರೂ ಅಮೆರಿಕದ ಮೂಲನಿವಾಸಿಗಳು. ಅದರಲ್ಲಿ ರಿವರ್ಸ್ ಗೇರ್ ಬಿಟ್ಟು ಬೇರೇನೂ ಕೆಲಸ ಮಾಡದ ಕಾರೊಂದಿದೆ. ಊರಿನ ಹುಡುಗಿಯರಿಬ್ಬರು ಅದನ್ನು ಹಿಂದಕ್ಕೇ ಓಡಿಸುತ್ತ ಆರಾಮಾಗಿ ತಿರುಗುತ್ತಾರೆ. ನಿಮ್ಮೂರಿನವರು ಕೂಡಲೇ ಹತ್ತಿರವಾಗುತ್ತಾರೆ ಬಿಡಿ.

ಆಮೇಲೆ ಆಸ್ಟ್ರೇಲಿಯಾದ ಮೂಲನಿವಾಸಿ ನಿರ್ದೇಶಕ ವಾರಿಕ್ ಥಾರ್ಂಟನ್ ಅವರ ‘ಸ್ಯಾಮ್ಸನ್ ಅಂಡ್ ಡಿಲೈಲಾ’ (2009). ಮಾತೇ ಕಡಿಮೆ, ಸಬ್‌ಟೈಟಲ್ ಕಾಟವೂ ಕಡಿಮೆ. ಥಾರ್ಂಟನ್ ಆಲಿಸ್ ಸ್ಪ್ರಿಂಗ್ಸ್‌ನವರು, ಛಾಯಾಗ್ರಹಣವೂ ಅವರದೇ. ಜಗಲಿಯಲ್ಲಿ ಬ್ಯಾಂಡಿನವರು ದಿನಾ ಅದೇ ಟ್ಯೂನ್ ಬಾರಿಸುತ್ತಾರೆ, ಫೋನ್ ಬೂತು ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಅಜ್ಜಿ, ಮೊಮ್ಮಗಳು ನೆಲದ ಮೇಲೆ ಕೂತು ಕ್ಯಾನ್ವಾಸಿಗೆ ಚುಕ್ಕಿ ಇಡುತ್ತಾರೆ. ಪುಡಿಗಾಸಿಗೆ ಕೊಟ್ಟ ಆ ಚಿತ್ರ ಪೇಟೆಯ ಗ್ಯಾಲರಿಯಲ್ಲಿ ಸಾವಿರಾರು ಡಾಲರಿಗೆ ತೂಗುತ್ತಿರುತ್ತದೆ. ಹುಡುಗ ಪೆಟ್ರೋಲ್ ಮೂಸುವ, ಹುಡುಗಿಯ ಮೇಲೆ ದೌರ್ಜನ್ಯವಾಗುವ ಭಾಗಗಳಿವೆ. ಮಕ್ಕಳಿದ್ದರೆ ಮೊದಲೇ ಹೇಳಿ.

ನಮ್ಮ ಕಡೆಯದಕ್ಕೆ ನಾಗರಾಜ ಮಂಜುಳೆ ಅವರ ಮರಾಠಿ ಚಿತ್ರ ‘ಫ್ಯಾಂಡ್ರಿ’ (2013) ಇಡಿ. ಇದು ಮೂಲನಿವಾಸಿ ಅನ್ನುವುದಕ್ಕಿಂತ ದಲಿತ ಸಿನಿಮಾ, ಆದರೂ ದಡದ್ದೇ. ಚಿತ್ರದ ಮನೆಮಂದಿ ಆಡುವ ಕೈಕಾಡಿ ಭಾಷೆಯಲ್ಲಿ ಫ್ಯಾಂಡ್ರಿ ಎಂದರೆ ಹಂದಿ; ಕಿವಿಗೊಟ್ಟರೆ ನಮ್ಮ ಪದದ ನೆಂಟಸ್ತಿಕೆ ಕೇಳುತ್ತದೆ. ಹಂದಿ ಹಿಡಿಯಲು ಓಡುತ್ತಿರುವ ಮನೆಮಂದಿಯೆಲ್ಲ ಶಾಲೆಯಿಂದ ರಾಷ್ಟ್ರಗೀತೆ ಕೇಳಿ ನಿಂತಲ್ಲೇ ನಿಲ್ಲುತ್ತಾರೆ. ಹಂದಿ ನಿಲ್ಲುವುದಿಲ್ಲ.

‘ಅಟನಾರ್ಜುವಾಟ್’ ಕೊನೆಗಿರಲಿ. ಹತ್ತಿರ ಹತ್ತಿರ ಮೂರು ಗಂಟೆ, ನಡುವೆ ಚಹಾ ಕೊಡಿ. ಮೊದಲ ಇಪ್ಪತ್ತು ನಿಮಿಷ ಯಾರು ಯಾರ ಮಗ ಎಂದು ಯಾರಿಗೂ ಗೊತ್ತಾಗುವುದಿಲ್ಲ, ನನಗೂ ಆಗಿರಲಿಲ್ಲ. ಬೋರ್ಡಿನ ಮೇಲೆ ವಂಶವೃಕ್ಷ ಬರೆದಿಟ್ಟರೆ ಜನ ಕೂರುತ್ತಾರೆ. ಮುಗಿದ ತಕ್ಷಣ ಲೈಟ್ ಹಾಕಬೇಡಿ. ಕೊನೆಯ ಹೆಸರುಗಳು ಓಡುವಾಗ ಚಿತ್ರೀಕರಣದ ತುಣುಕುಗಳಿವೆ: ಇವತ್ತಿನ ಜಾಕೆಟ್ ತೊಟ್ಟವರು ಕ್ಯಾಮೆರಾವನ್ನು ಸ್ಲೆಡ್ಜ್ ಮೇಲಿಟ್ಟುಕೊಂಡು, ಬರಿಮೈಯಲ್ಲಿ ಓಡುವ ನಟನ ಪಕ್ಕದಲ್ಲೇ ಮಂಜಿನ ಮೇಲೆ ಸಾಗುತ್ತಿರುತ್ತಾರೆ.