ಮಂಗಳೂರಿಂದ ದುಬೈಗೆ ವಿಮಾನದಲ್ಲಿ ಎಷ್ಟು ಹೊತ್ತು? ಟಿಕೆಟಲ್ಲಿ ಬರೀ ಎರಡೂಕಾಲು ಗಂಟೆ ಅಂತ ಕಾಣುತ್ತಿದೆಯಲ್ಲ?

ಅಷ್ಟು ಬೇಗ ಮುಟ್ಟುವುದಿಲ್ಲ. ನೇರ ಗೆರೆ ಎಳೆದರೆ ದೂರ ಸುಮಾರು 2,460 ಕಿ.ಮೀ. ತಡೆಯಿಲ್ಲದ ವಿಮಾನಕ್ಕೆ ಮೂರೂಮುಕ್ಕಾಲು ಗಂಟೆಯ ಆಸುಪಾಸು ಬೇಕು.

ಗೊಂದಲ ಇರುವುದು ಗಡಿಯಾರದಲ್ಲಿ. ಟಿಕೆಟಿನಲ್ಲಿ ಆಯಾ ಊರಿನ ಸಮಯ ಹಾಕಿರುತ್ತಾರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ರಾತ್ರಿ 9ಕ್ಕೆ ಹೊರಟು 11.15ಕ್ಕೆ ತಲುಪುತ್ತದೆ ಅಂತಿದ್ದರೆ, ಆಗ ಕಾಸರಗೋಡಿನ ಮನೆಯಲ್ಲಿ 12.45 ಆಗಿರುತ್ತದೆ. ನಮ್ಮ ಭಾವ ಮೊದಲ ಸಲ ಹೋದಾಗ ಅಕ್ಕ ಫೋನಿಗೆ ಕಾದು ಕಾದು ಸುಮ್ನೆ ಗಾಬರಿಯಾಗಿದ್ದಳು!

ಬರುವಾಗ ಹೊತ್ತು ಸ್ವಲ್ಪ ಕಮ್ಮಿ. ಮೇಲೆ ಪಶ್ಚಿಮದ ಗಾಳಿ ಜಾಸ್ತಿ ಇದ್ದರೆ ಹಿಂದಿನಿಂದ ತಳ್ಳುತ್ತದೆ, ಅಲ್ವಾ?

ಕಾಸರಗೋಡಿಂದ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ 60 ಚಿಲ್ಲರೆ ಕಿ.ಮೀ. ರಸ್ತೆ ಬೇರೆ ಇದೆ. ಅದಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ.